ತಟ್ಟೆಯ ಮೇಲಿನ ತಿಳಿ ವೃತ್ತ ಏನನ್ನು ಹೇಳುತ್ತದೆ? ದೊಡ್ಡಪತ್ರೆಯ ಸಾರವನ್ನು ಪರೀಕ್ಷಿಸುವ ಬಗೆ

ಮಕ್ಕಳಿಗೆ ನೆಗಡಿ, ಕೆಮ್ಮು ಕಾಣಿಸಿಕೊಂಡರೆ ಹಿತ್ತಲಿನ ದೊಡ್ಡಪತ್ರೆಯ ನಾಲ್ಕು ಎಲೆ ಕಿತ್ತು, ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಕೊಡುವುದು ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಇಂದಿಗೂ ಉಳಿದಿರುವ ರೂಢಿ. ಕೆಲವು ಊರುಗಳಲ್ಲಿ ಸಾಂಬಾರಸೊಪ್ಪು ಎಂದು ಕರೆಯುವ ಇದೇ ಎಲೆ ತಂಬುಳಿಗೂ ಬಜ್ಜಿಗೂ ಒದಗುತ್ತದೆ. ಜೀವರಸಾಯನಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಆರಿಸಿಕೊಳ್ಳುವ ಗಿಡಗಳಲ್ಲಿಯೂ ಇದು ಮುಂಚೂಣಿಯಲ್ಲಿದೆ. ಇಂಥ ವರದಿಗಳ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಸಾರವು ರೋಗಾಣುಗಳ ಮೇಲೆ ಗಣನೀಯ ಪರಿಣಾಮ ತೋರಿಸಿದೆ. ಈ ಮಾತಿನ ಹಿಂದೆ ಯಾವ ಯಾವ ಪರೀಕ್ಷೆಗಳು ಇರುತ್ತವೆ, ಪ್ರತಿಯೊಂದು ಪರೀಕ್ಷೆ ಏನನ್ನು ಹೇಳುತ್ತದೆ, ಅದಕ್ಕಿಂತ ಮುಖ್ಯವಾಗಿ ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲ ಪ್ರಶ್ನೆ ರಸಾಯನಶಾಸ್ತ್ರದ್ದಲ್ಲ, ಹೆಸರಿನದು. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಅನೇಕರಿಗೆ ಒಂದೆಲಗ ನೆನಪಾಗುತ್ತದೆ. ಆಯುರ್ವೇದದ ಔಷಧಿ ತಯಾರಕರಲ್ಲಿ ಬಹುಪಾಲು ಮಂದಿ ಬ್ರಾಹ್ಮಿ ಎನ್ನುವುದು ಬಕೋಪ ಮೊನ್ನಿಯೇರಿ ಎಂಬ, ಒಂದೆಲಗದ ಕುಟುಂಬಕ್ಕೂ ಸೇರದ ಬೇರೆಯೇ ಗಿಡವನ್ನು. ಶಂಖಪುಷ್ಪಿಯ ಹೆಸರಿನಲ್ಲಿ ಕನಿಷ್ಠ ಮೂರು ಗಿಡಗಳು ಬೇರೆ ಬೇರೆ ಪ್ರದೇಶಗಳಲ್ಲಿ ಬಳಕೆಯಲ್ಲಿವೆ. ದೊಡ್ಡಪತ್ರೆಗೂ ವೈಜ್ಞಾನಿಕ ಹೆಸರು ಒಂದೇ ಉಳಿದಿಲ್ಲ. ಕೋಲಿಯಸ್ ಅಂಬೋಯ್ನಿಕಸ್ ಎಂದೂ ಪ್ಲೆಕ್ಟ್ರಾಂಥಸ್ ಅಂಬೋಯ್ನಿಕಸ್ ಎಂದೂ ಬರೆಯುವುದುಂಟು, ಎರಡೂ ಒಂದೇ ಗಿಡ. ಹಾಗಾಗಿ ಪರೀಕ್ಷೆಗೆ ತಂದ ಗಿಡದ ಒಂದು ಕೊಂಬೆಯನ್ನು, ಸಾಧ್ಯವಾದರೆ ಹೂವಿನ ಸಮೇತ, ಒತ್ತಿ ಒಣಗಿಸಿ, ಸಂಗ್ರಹಿಸಿದ ಊರು ಮತ್ತು ದಿನಾಂಕ ಬರೆದು, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ ಒಂದು ಹರ್ಬೇರಿಯಂನಲ್ಲಿ ಸಂಖ್ಯೆಯೊಂದಿಗೆ ಇಡಬೇಕು. ಬೆಂಗಳೂರಿನ ಯಲಹಂಕದ ಬಳಿ ಔಷಧೀಯ ಸಸ್ಯಗಳಿಗೆಂದೇ ಇಂಥ ಸಂಗ್ರಹವೊಂದು ಇದೆ. ಈ ಸಂಖ್ಯೆ ಇಲ್ಲದ ವರದಿಯನ್ನು ಮುಂದೆ ಯಾರೂ ಪರಿಶೀಲಿಸಲಾರರು, ಏಕೆಂದರೆ ಅವರು ಪರೀಕ್ಷಿಸಿದ್ದು ಯಾವ ಗಿಡ ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಎರಡನೆಯ ಹಂತ ಸಾರ ತೆಗೆಯುವುದು. ಎಲೆಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆವಿಯಾಗಿಸಿ ಉಳಿದ ಅಂಟಾದ ಹಸಿರು ಮುದ್ದೆಯನ್ನು ತೂಗುವುದು ಸಾಮಾನ್ಯ ಕ್ರಮ. ದ್ರಾವಕದ ಆಯ್ಕೆಯೇ ಇಲ್ಲಿ ಫಲಿತಾಂಶದ ಅರ್ಧ ಭಾಗವನ್ನು ನಿರ್ಧರಿಸುತ್ತದೆ. ಎಣ್ಣೆಯ ಗುಣದ ವಸ್ತುಗಳು ಹೆಕ್ಸೇನ್ ಅಥವಾ ಪೆಟ್ರೋಲಿಯಂ ಈಥರಿನಲ್ಲಿ ಇಳಿಯುತ್ತವೆ; ಸಕ್ಕರೆ, ಟ್ಯಾನಿನ್, ಲವಣಗಳು ನೀರಿನಲ್ಲಿ ಇಳಿಯುತ್ತವೆ; ಮೆಥನಾಲ್ ಮತ್ತು ಎಥನಾಲ್ ನಡುವೆ ನಿಂತು ಎರಡೂ ಕಡೆಯಿಂದ ಒಂದಿಷ್ಟನ್ನು ಎಳೆದುಕೊಳ್ಳುತ್ತವೆ. ಆದ್ದರಿಂದ ಒಂದೇ ಪುಡಿಯನ್ನು ಹೆಕ್ಸೇನ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಎಂಬ ಸಾಲಿನಲ್ಲಿ ಒಂದಾದ ಮೇಲೊಂದರಂತೆ ಸಂಸ್ಕರಿಸಿ ಐದು ಸಾರಗಳನ್ನು ಪಡೆಯುವ ಪದ್ಧತಿ ಇದೆ. ಇದಕ್ಕೆ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಗಾಜಿನ ಉಪಕರಣವನ್ನು ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ವಿವರಿಸಿದ್ದು ಹಾಲಿನ ಕೊಬ್ಬನ್ನು ಅಳೆಯುವುದಕ್ಕಾಗಿ. ಗಿಡಮೂಲಿಕೆಯ ಕೆಲಸಕ್ಕೆ ಅದು ನಂತರ ಒದಗಿತು.

ಆದರೆ ದೊಡ್ಡಪತ್ರೆಯ ವಿಷಯದಲ್ಲಿ ಈ ಸಾಮಾನ್ಯ ಕ್ರಮವೇ ಮೋಸ ಮಾಡಬಹುದು. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಓಮದ ವಾಸನೆ ಬರುತ್ತದೆ. ಅದಕ್ಕೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎರಡು ಫೀನಾಲಿಕ್ ವಸ್ತುಗಳು. ಓಮದ ಕಾಳಿನಲ್ಲಿರುವುದೂ ಥೈಮಾಲೇ. ಎರಡೂ ಗಾಳಿಗೆ ಹಾರಿಹೋಗುವ ಸುಗಂಧತೈಲದ ಅಂಶಗಳು. ಎಲೆಯನ್ನು ಹತ್ತು ಹದಿನೈದು ದಿನ ಒಣಗಿಸಿ, ಸಾಕ್ಸ್‌ಲೆಟ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ಆವಿಯಾಗಿಸಿ ಮುದ್ದೆ ಮಾಡುವಷ್ಟರಲ್ಲಿ ಅವುಗಳ ದೊಡ್ಡ ಪಾಲು ಕೋಣೆಯ ಗಾಳಿ ಸೇರಿರುತ್ತದೆ. ಪ್ರಯೋಗಾಲಯವೆಲ್ಲ ಘಮಘಮಿಸುತ್ತಿದ್ದರೆ ವಿದ್ಯಾರ್ಥಿಗೆ ಖುಷಿಯಾಗಬಹುದು, ಆದರೆ ಪರೀಕ್ಷಿಸಬೇಕಾದ ವಸ್ತು ಬಾಟಲಿಯಿಂದ ಹೊರಗಿದೆ ಎಂಬುದೇ ಆ ಪರಿಮಳದ ಅರ್ಥ. ಇಂಥ ಎಲೆಗೆ ಹಸಿಯಾಗಿದ್ದಾಗಲೇ ನೀರಿನ ಹಬೆಯಲ್ಲಿ ತೈಲವನ್ನು ಬಟ್ಟಿ ಇಳಿಸುವ ಕ್ಲೆವೆಂಜರ್ ಉಪಕರಣ ಸೂಕ್ತ.

ತೆಗೆಯುವ ವಿಧಾನ ತಪ್ಪಿದರೆ ಔಷಧವೇ ಕೈತಪ್ಪುತ್ತದೆ ಎಂಬುದಕ್ಕೆ ಚೀನಾದ ತು ಯೂಯೂ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1967ರಲ್ಲಿ ಆರಂಭವಾದ ಮಲೇರಿಯಾ ಸಂಶೋಧನಾ ಯೋಜನೆಯೊಂದರಲ್ಲಿ ಅವರ ತಂಡ ಪಾರಂಪರಿಕ ಗಿಡಗಳನ್ನು ಪರೀಕ್ಷಿಸುತ್ತಿದ್ದಾಗ ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟ ಕ್ರಮದಲ್ಲಿ ಗಿಡವನ್ನು ಕುದಿಸುವ ಮಾತಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಷ್ಟೇ ಇತ್ತು. ಬಿಸಿಯೇ ಸಕ್ರಿಯ ವಸ್ತುವನ್ನು ಕೆಡಿಸುತ್ತಿರಬಹುದೆಂದು ಊಹಿಸಿದ ತು, ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರನ್ನು ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಪೂರ್ತಿಯಾಗಿ ಹತ್ತಿಕ್ಕಿತು. ಅದರಿಂದ ಹೊರಬಂದ ಆರ್ಟೆಮಿಸಿನಿನ್ ಅವರಿಗೆ 2015ರ ನೊಬೆಲ್ ಪ್ರಶಸ್ತಿ ತಂದಿತು. ನಮ್ಮ ಮನೆಗಳಲ್ಲಿಯೂ ದೊಡ್ಡಪತ್ರೆಯನ್ನು ಬಾಡಿಸುತ್ತಾರೆಯೇ ಹೊರತು ಕಷಾಯದಂತೆ ಬತ್ತಿಸುವುದು ಕಡಿಮೆ ಎಂಬುದನ್ನು ಇಲ್ಲಿ ಗಮನಿಸಬಹುದು. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಬಳಕೆಯ ಕ್ರಮವನ್ನು ವಿಚಾರಿಸಿಕೊಂಡೇ ದ್ರಾವಕವನ್ನು ಆರಿಸುವುದು ಜಾಣತನ.

ಸಾರ ಸಿದ್ಧವಾದ ಮೇಲೆ ಅದರಲ್ಲಿ ಯಾವ ವರ್ಗದ ವಸ್ತುಗಳಿವೆ ಎಂದು ತಿಳಿಯಲು ಬಣ್ಣದ ಪರೀಕ್ಷೆಗಳನ್ನು ಮಾಡುತ್ತಾರೆ. ಮೇಯರ್ ದ್ರಾವಣ ಹಾಕಿದಾಗ ಕೆನೆಬಣ್ಣದ ಮಡ್ಡಿ ಅಥವಾ ಡ್ರಾಗೆನ್‌ಡಾರ್ಫ್ ದ್ರಾವಣಕ್ಕೆ ಕಿತ್ತಳೆ ಬಣ್ಣದ ಮಡ್ಡಿ ಕಟ್ಟಿದರೆ ಸಾರಜನಕವಿರುವ ಕ್ಷಾರಗುಣದ ಆಲ್ಕಲಾಯ್ಡ್ ಇರಬಹುದು; ಫೆರಿಕ್ ಕ್ಲೋರೈಡಿಗೆ ನೀಲಿಗಪ್ಪು ಅಥವಾ ಹಸಿರುಗಪ್ಪು ಬಣ್ಣ ಬಂದರೆ ಟ್ಯಾನಿನ್ ಮೊದಲಾದ ಫೀನಾಲಿಕ್ ವಸ್ತುಗಳು; ಮೆಗ್ನೀಷಿಯಂ ಚೂರು ಮತ್ತು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದಾಗ ಕೆಂಪೇರಿದರೆ ಫ್ಲೇವನಾಯ್ಡ್; ನೀರಿನಲ್ಲಿ ಕುಲುಕಿದಾಗ ಎದ್ದ ನೊರೆ ಬೇಗ ಇಳಿಯದಿದ್ದರೆ ಸಪೋನಿನ್. ಕೊನೆಯದು ಸೀಗೇಕಾಯಿ, ಅಂಟುವಾಳ ಬಳಸಿದವರೆಲ್ಲರಿಗೂ ಪರಿಚಿತವಾದ ಪರೀಕ್ಷೆಯೇ. ಈ ಪರೀಕ್ಷೆಗಳು ಅಗ್ಗ, ಶೀಘ್ರ, ಮತ್ತು ನನ್ನ ಅಭಿಪ್ರಾಯದಲ್ಲಿ ಅತಿಯಾಗಿ ನಂಬಲ್ಪಟ್ಟಿರುವಂಥವು. ಆಲ್ಕಲಾಯ್ಡ್‌ನ ಪರೀಕ್ಷೆಗೆ ಪ್ರೋಟೀನೂ ಮಡ್ಡಿ ಕಟ್ಟಿ ಹುಸಿ ಉತ್ತರ ಕೊಡಬಲ್ಲದು. ಎಲೆಯ ಹಸಿರು ಬಣ್ಣ ಅನೇಕ ಸೂಕ್ಷ್ಮ ಬಣ್ಣಬದಲಾವಣೆಗಳನ್ನು ಮುಚ್ಚಿಹಾಕುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಫೀನಾಲಿಕ್ ವಸ್ತುಗಳೂ ಟರ್ಪಿನಾಯ್ಡುಗಳೂ ಇಲ್ಲದ ಹಸಿರು ಎಲೆ ಸಿಗುವುದೇ ಕಷ್ಟ. ಹಾಗಿರುವಾಗ ಪ್ಲಸ್, ಮೈನಸ್ ಚಿಹ್ನೆಗಳ ಒಂದು ಕೋಷ್ಟಕ ಮಾಡಿ, ಇವೇ ಔಷಧೀಯ ಗುಣಕ್ಕೆ ಕಾರಣ ಎಂದು ಬರೆಯುವುದು, ಅಡುಗೆಯಲ್ಲಿ ಉಪ್ಪು, ಹುಳಿ, ಖಾರ ಇದೆ ಎಂದು ಕಂಡುಕೊಂಡು ಅದು ಬಿಸಿಬೇಳೆಬಾತೇ ಎಂದು ತೀರ್ಮಾನಿಸಿದ ಹಾಗಾಗುತ್ತದೆ.

ವರ್ಗದಿಂದ ನಿರ್ದಿಷ್ಟ ವಸ್ತುವಿಗೆ ಬರಬೇಕಾದರೆ ಬೇರ್ಪಡಿಸುವ ಉಪಕರಣಗಳು ಬೇಕು. ಸಿಲಿಕಾ ಲೇಪಿಸಿದ ಹಾಳೆಯ ಮೇಲೆ ಸಾರದ ಒಂದು ಚುಕ್ಕೆ ಇಟ್ಟು ದ್ರಾವಕವನ್ನು ಮೇಲೇರಿಸಿದರೆ ವಸ್ತುಗಳು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ, ಇದು ಟಿಎಲ್‌ಸಿ, ಅಂದರೆ ತೆಳುಪದರ ಕ್ರೊಮ್ಯಾಟೋಗ್ರಫಿ. ಸುಗಂಧತೈಲಕ್ಕೆ ಹೆಚ್ಚು ಬಳಕೆಯಾಗುವುದು ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿಯನ್ನು ಜೋಡಿಸಿದ ಜಿಸಿ-ಎಂಎಸ್. ಇದರಲ್ಲಿ ವಸ್ತುಗಳು ಒಂದೊಂದಾಗಿ ಹೊರಬಂದು ಚೂರಾಗುತ್ತವೆ, ಚೂರುಗಳ ತೂಕದ ವಿನ್ಯಾಸವನ್ನು ಕಂಪ್ಯೂಟರ್ ತನ್ನ ಭಂಡಾರದಲ್ಲಿರುವ ಲಕ್ಷಾಂತರ ವಿನ್ಯಾಸಗಳೊಂದಿಗೆ ಹೋಲಿಸಿ ಹೆಸರು ಸೂಚಿಸುತ್ತದೆ. ಸೂಚಿಸುತ್ತದೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕಾರ್ವಕ್ರಾಲ್ ಮತ್ತು ಥೈಮಾಲ್‌ಗಳ ಅಣುಸೂತ್ರ ಒಂದೇ, ಅಣುತೂಕ ಎರಡಕ್ಕೂ 150, ಒಡೆದಾಗ ಬರುವ ಮುಖ್ಯ ಚೂರಿನ ತೂಕವೂ ಎರಡಕ್ಕೂ 135. ಉಪಕರಣದಿಂದ ಹೊರಬರುವ ಸಮಯವನ್ನು ಶುದ್ಧ ಮಾದರಿಯೊಂದಿಗೆ ಹೋಲಿಸದಿದ್ದರೆ ಒಂದನ್ನು ಇನ್ನೊಂದೆಂದು ಬರೆಯುವುದು ಬಹಳ ಸುಲಭ. ಇನ್ನೊಂದು ತೊಡಕೆಂದರೆ, ಪ್ಲಾಸ್ಟಿಕ್ ಡಬ್ಬಿ, ನಳಿಕೆಗಳಿಂದ ದ್ರಾವಕಕ್ಕೆ ಇಳಿಯುವ, ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಸೇರಿಸುವ ಥ್ಯಾಲೇಟ್‌ಗಳನ್ನೂ ಈ ಯಂತ್ರ ನಿಷ್ಠೆಯಿಂದ ಪಟ್ಟಿ ಮಾಡುತ್ತದೆ. ಅವು ಗಿಡದ ಸಕ್ರಿಯ ವಸ್ತುಗಳೆಂದು ಪ್ರಬಂಧಗಳಲ್ಲಿ ಸೇರಿಕೊಂಡ ಉದಾಹರಣೆಗಳಿವೆ. ಆವಿಯಾಗದ ವಸ್ತುಗಳು, ಅಂದರೆ ಸಕ್ಕರೆ ಅಂಟಿಕೊಂಡ ಫ್ಲೇವನಾಯ್ಡುಗಳು, ದೊಡ್ಡ ಟ್ಯಾನಿನ್‌ಗಳು, ಈ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ರೋಗಾಣುಗಳ ಕಡೆಗೆ. ಅತ್ಯಂತ ಪರಿಚಿತ ಪರೀಕ್ಷೆ ಅಗಾರ್ ತಟ್ಟೆಯದು. ಅಗಾರ್ ಎಂದರೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಹೆಪ್ಪುಗಟ್ಟಿದ ಲೋಳೆಯಂಥ ಮಾಧ್ಯಮ. ಮುಲ್ಲರ್-ಹಿಂಟನ್ ಅಗಾರನ್ನು ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಹುಯ್ದು, ಮಿಲಿಲೀಟರಿಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ ಇರುವಂತೆ, ಮಬ್ಬನ್ನು ನೋಡಿ ಸಂಖ್ಯೆ ಅಂದಾಜಿಸುವ ಮೆಕ್‌ಫಾರ್ಲೆಂಡ್ 0.5 ಮಾನಕಕ್ಕೆ ಹೊಂದಿಸಿದ ದ್ರವವನ್ನು ಹತ್ತಿಯ ಕಡ್ಡಿಯಿಂದ ಸವರಿ, ಸಾರ ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ, ಅಥವಾ ಅಗಾರಿನಲ್ಲಿ ಸಣ್ಣ ಕುಳಿ ಕೊರೆದು ಸಾರ ತುಂಬುತ್ತಾರೆ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಇಟ್ಟರೆ ತಟ್ಟೆಯೆಲ್ಲ ಬ್ಯಾಕ್ಟೀರಿಯಾದ ಮಬ್ಬು ಹರಡಿ, ಸಾರ ಪರಿಣಾಮ ಬೀರಿದ ಕಡೆ ಮಾತ್ರ ತಿಳಿಯಾದ ವೃತ್ತ ಕಾಣುತ್ತದೆ. ಇದನ್ನೇ ಪ್ರತಿಬಂಧಕ ವಲಯ ಎನ್ನುವುದು. ಸ್ಟೆಫೈಲೋಕಾಕಸ್ ಆರಿಯಸ್, ಎಶರೀಷಿಯಾ ಕೋಲೈ, ಸ್ಯೂಡೋಮೊನಾಸ್ ಎರುಜಿನೋಸ, ಶಿಲೀಂಧ್ರಗಳಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಸಾಮಾನ್ಯವಾಗಿ ಬಳಸುವ ತಳಿಗಳು. ಇವುಗಳನ್ನು ಚಂಡೀಗಢದ ಎಂಟಿಸಿಸಿಯಂಥ ಅಧಿಕೃತ ಸಂಗ್ರಹದಿಂದ ತರಿಸಿಕೊಳ್ಳಬೇಕು. ಪಕ್ಕದ ವಿಭಾಗದಿಂದ ಕೇಳಿ ತಂದ, ಹೆಸರು ಮಾತ್ರ ಬರೆದಿರುವ ಟ್ಯೂಬ್ ಸಾಲದು.

ವೃತ್ತ ದೊಡ್ಡದಾದಷ್ಟೂ ಔಷಧ ಬಲವಾದದ್ದು ಎಂಬುದು ಸಹಜವಾಗಿ ಹುಟ್ಟುವ, ಆದರೆ ತಪ್ಪಾದ ಓದು. ಅಗಾರ್ ಬಹುಪಾಲು ನೀರು. ನೀರಿನಲ್ಲಿ ಕರಗುವ ದುರ್ಬಲ ವಸ್ತು ದೂರ ಹರಡಿ 20 ಮಿಲಿಮೀಟರ್ ವಲಯ ಮಾಡಬಹುದು. ಎಣ್ಣೆಯ ಗುಣದ ಪ್ರಬಲ ವಸ್ತು ಬಿಲ್ಲೆಯ ಬಳಿಯೇ ಕುಳಿತು 9 ಮಿಲಿಮೀಟರ್ ತೋರಿಸಬಹುದು. ಆಸ್ಪತ್ರೆಗಳಲ್ಲಿ ಇದೇ ಬಿಲ್ಲೆಯ ವಿಧಾನ ಉಪಯುಕ್ತವಾಗಿರುವುದು ಏಕೆಂದರೆ, 1966ರಲ್ಲಿ ಅದು ಪ್ರಮಾಣಿತ ರೂಪ ಪಡೆದಾಗಿನಿಂದ ಪ್ರತಿಯೊಂದು ಆಂಟಿಬಯಾಟಿಕ್‌ಗೂ ಎಷ್ಟು ಮಿಲಿಮೀಟರ್ ವಲಯಕ್ಕೆ ಏನರ್ಥ ಎಂಬ ಕೋಷ್ಟಕಗಳನ್ನು ಶ್ರಮಪಟ್ಟು ಸಿದ್ಧಪಡಿಸಲಾಗಿದೆ. ದೊಡ್ಡಪತ್ರೆಯ ಸಾರಕ್ಕೆ ಅಂಥ ಕೋಷ್ಟಕ ಇಲ್ಲ. ಆದ್ದರಿಂದ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್‌ನ 10 ಮೈಕ್ರೋಗ್ರಾಂ ಬಿಲ್ಲೆಯ ವಲಯವನ್ನು ಸಾರದ 5 ಮಿಲಿಗ್ರಾಂ ಇರುವ ಕುಳಿಯ ವಲಯದ ಪಕ್ಕದಲ್ಲಿಟ್ಟು, ಎರಡೂ ಹೆಚ್ಚುಕಡಿಮೆ ಸಮ ಎಂದು ಬರೆದರೆ, ಐನೂರು ಪಟ್ಟು ಹೆಚ್ಚು ಹಾಕಿದ್ದನ್ನು ಮರೆಮಾಡಿದಂತಾಗುತ್ತದೆ.

ವೃತ್ತ ಹುಟ್ಟುವುದಕ್ಕೆ ಗಿಡದ ಔಷಧೀಯ ವಸ್ತುವೇ ಕಾರಣವಾಗಬೇಕೆಂದೂ ಇಲ್ಲ. ಸರಿಯಾಗಿ ಆವಿಯಾಗದೆ ಉಳಿದ ಮೆಥನಾಲ್ ಸಾಕು. ಸಾರವನ್ನು ಕರಗಿಸಲು ಬಳಸಿದ ಡಿಎಂಎಸ್‌ಓ ಎಂಬ ದ್ರಾವಕ ಹೆಚ್ಚಾದರೂ ಸಾಕು. ಕರಾವಳಿಯ ಪುನರ್ಪುಳಿಯಂಥ ಹಣ್ಣಿನಲ್ಲಿ ಆಮ್ಲ ತುಂಬಿರುವುದರಿಂದ ಅದರ ಸಾರದ ಹುಳಿಯೇ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು. ಹಾಗಾಗಿ ದ್ರಾವಕವನ್ನು ಮಾತ್ರ ಹಾಕಿದ ಒಂದು ಕುಳಿ, ಅದೇ ಪಿಎಚ್ ಇರುವ ಆಮ್ಲದ ನೀರನ್ನು ಹಾಕಿದ ಇನ್ನೊಂದು ಕುಳಿ ತಟ್ಟೆಯಲ್ಲಿ ಇರಲೇಬೇಕು. ಹುಳಿಯಿಂದ ಬಂದ ಪರಿಣಾಮ ಉಪ್ಪಿನಕಾಯಿ ಕೆಡದಂತೆ ಕಾಪಾಡಲು ಒಳ್ಳೆಯದೇ, ಆದರೆ ಅದು ಹೊಸ ಔಷಧದ ಸುಳಿವಲ್ಲ.

ಪ್ರಮಾಣವನ್ನು ಸಂಖ್ಯೆಯಲ್ಲಿ ಹೇಳುವ ಪರೀಕ್ಷೆ ಬೇರೆ ಇದೆ. ಅದರ ಫಲವನ್ನು ಕನಿಷ್ಠ ಪ್ರತಿಬಂಧಕ ಪ್ರಮಾಣ ಅಥವಾ ಎಂಐಸಿ ಎನ್ನುತ್ತಾರೆ. 96 ಸಣ್ಣ ಗುಣಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾರವನ್ನು ಪ್ರತಿ ಗುಣಿಗೂ ಅರ್ಧಕ್ಕರ್ಧ ತೆಳುವಾಗಿಸುತ್ತ ಹೋಗುತ್ತಾರೆ: ಮಿಲಿಲೀಟರಿಗೆ 1000, 500, 250, 125 ಮೈಕ್ರೋಗ್ರಾಂ ಎಂಬಂತೆ. ಪ್ರತಿಯೊಂದಕ್ಕೂ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಸೇರಿಸಿ ರಾತ್ರಿಯಿಡೀ ಬೆಚ್ಚಗಿಟ್ಟು, ಬೆಳವಣಿಗೆ ಕಾಣದ ಅತ್ಯಂತ ತೆಳುವಾದ ಗುಣಿ ಯಾವುದೆಂದು ನೋಡುತ್ತಾರೆ. ಎಲೆಯ ಸಾರ ತಾನೇ ಹಸಿರಾಗಿ ಮಬ್ಬಾಗಿರುವುದರಿಂದ ಬರಿಗಣ್ಣಿಗೆ ಬೆಳವಣಿಗೆ ತಿಳಿಯದು. ಅದಕ್ಕೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕಿದರೆ ಜೀವಂತ ಕೋಶಗಳಿರುವ ಗುಣಿ ಗುಲಾಬಿಯಾಗುತ್ತದೆ. ಕೆಲವು ಫೀನಾಲಿಕ್ ಸಾರಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಈ ಬಣ್ಣವನ್ನು ಬದಲಾಯಿಸಬಲ್ಲವು, ಆದ್ದರಿಂದ ಸಾರ ಮಾತ್ರ ಇರುವ ಗುಣಿಯೂ ಬೇಕು. ದೊಡ್ಡಪತ್ರೆಯ ತೈಲಕ್ಕೆ ಇನ್ನೂ ಒಂದು ಕಿರಿಕಿರಿ ಇದೆ: ಅದರ ಆವಿ ಪಕ್ಕದ ಗುಣಿಗಳಿಗೆ ಹರಡಿ, ಅಲ್ಲಿ ತೈಲ ಹಾಕದಿದ್ದರೂ ಬೆಳವಣಿಗೆಯನ್ನು ತಡೆಯಬಲ್ಲದು. ತಟ್ಟೆಯನ್ನು ಬಿಗಿಯಾಗಿ ಮುಚ್ಚಬೇಕು, ಕಡಿಮೆ ಮತ್ತು ಹೆಚ್ಚು ಪ್ರಮಾಣದ ಗುಣಿಗಳನ್ನು ದೂರ ಇಡಬೇಕು, ತೈಲ ನೀರಿನಲ್ಲಿ ಬೆರೆಯಲು ಟ್ವೀನ್ 80ರಂಥದ್ದನ್ನು ಅಳತೆಯಲ್ಲಿ ಬಳಸಬೇಕು. ಬೆಳವಣಿಗೆ ನಿಂತ ಗುಣಿಯಿಂದ ಒಂದು ಹನಿ ತೆಗೆದು ಹೊಸ ಅಗಾರಿಗೆ ಹಾಕಿ ನೋಡಿದರೆ ಬ್ಯಾಕ್ಟೀರಿಯಾ ಸತ್ತಿವೆಯೋ, ಬರಿದೇ ಮಂಕಾಗಿ ಕುಳಿತಿವೆಯೋ ಎಂಬುದೂ ತಿಳಿಯುತ್ತದೆ.

ಬಂದ ಸಂಖ್ಯೆಯನ್ನು ಅಳೆಯುವ ಕೋಲು ಯಾವುದು? ಈ ಕ್ಷೇತ್ರದ ಅನುಭವಿಗಳು ಹಾಕಿಕೊಟ್ಟ ಸ್ಥೂಲ ಮಿತಿಯ ಪ್ರಕಾರ ಕಚ್ಚಾ ಸಾರದ ಎಂಐಸಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಮುಂದುವರಿಯಲು ಕಾರಣವಿದೆ. 1000 ಮೈಕ್ರೋಗ್ರಾಂ ದಾಟಿದರೆ ಅದನ್ನು ಪರಿಣಾಮ ಎಂದು ಕರೆಯುವುದೇ ಅನುಮಾನ. ಹೋಲಿಕೆಗೆ, ಪ್ರಯೋಗಾಲಯಗಳಲ್ಲಿ ಮಾನಕವಾಗಿ ಬಳಸುವ ಎಶರೀಷಿಯಾ ಕೋಲೈ ತಳಿಯನ್ನು ತಡೆಯಲು ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಮಿಲಿಲೀಟರಿಗೆ 0.02 ಮೈಕ್ರೋಗ್ರಾಂ ಕೂಡ ಬೇಕಾಗುವುದಿಲ್ಲ. ಆದರೆ ಕಚ್ಚಾ ಸಾರದಲ್ಲಿ ಸಕ್ರಿಯ ವಸ್ತು ನೂರರಲ್ಲಿ ಒಂದು ಪಾಲು ಇರಬಹುದು ಎಂಬುದನ್ನೂ ನೆನಪಿಡಬೇಕು. ಅದಕ್ಕಾಗಿಯೇ ಸಾರಕ್ಕೂ ಶುದ್ಧ ವಸ್ತುವಿಗೂ ಮಿತಿಗಳು ಬೇರೆ.

ಸ್ಟೆಫೈಲೋಕಾಕಸ್ ಮೇಲೆ ಚೆನ್ನಾಗಿ ಕೆಲಸ ಮಾಡಿದ ಸಾರ ಎಶರೀಷಿಯಾ ಅಥವಾ ಸ್ಯೂಡೋಮೊನಾಸ್ ಮುಂದೆ ಸೋಲುವುದು ಪದೇ ಪದೇ ಕಾಣುವ ಸಂಗತಿ. ಗ್ರಾಮ್ ನೆಗೆಟಿವ್ ಎಂದು ಕರೆಯುವ ಈ ಎರಡನೆಯ ಗುಂಪಿಗೆ ಹೊರಗೊಂದು ಹೆಚ್ಚುವರಿ ಪೊರೆಯಿದೆ, ಒಳಬಂದದ್ದನ್ನು ಹೊರಗೆ ತಳ್ಳುವ ಪಂಪುಗಳೂ ಇವೆ. ಇಂಥ ಪಂಪುಗಳು ಸ್ಟೆಫೈಲೋಕಾಕಸ್‌ಗೂ ಇಲ್ಲದಿಲ್ಲ, ಮತ್ತು ಅವುಗಳಿಗೆ ಸಂಬಂಧಿಸಿದ ಒಂದು ಸಂಶೋಧನೆ ಗಿಡದ ಸಾರ ಕುರಿತ ನಮ್ಮ ತಿಳಿವಳಿಕೆಯನ್ನೇ ಬದಲಾಯಿಸಿತು. ದಾರುಹರಿದ್ರದ ಜಾತಿಯ ಬರ್ಬೆರಿಸ್ ಗಿಡಗಳಲ್ಲಿಯೂ, ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯಲ್ಲಿಯೂ ಹಳದಿ ಬಣ್ಣ ಕೊಡುವ ಬರ್ಬರಿನ್ ಎಂಬ ಆಲ್ಕಲಾಯ್ಡ್ ಇದೆ. ಶುದ್ಧ ಬರ್ಬರಿನ್ ಸ್ಟೆಫೈಲೋಕಾಕಸ್ ಮೇಲೆ ಅಷ್ಟೇನೂ ಪರಿಣಾಮ ಮಾಡದು, ಏಕೆಂದರೆ ನಾರ್-ಎ ಎಂಬ ಪಂಪು ಅದನ್ನು ಹೊರಹಾಕುತ್ತದೆ. ಬರ್ಬೆರಿಸ್ ಗಿಡಗಳೇ ಈ ಪಂಪನ್ನು ಕಟ್ಟಿಹಾಕುವ ಮತ್ತೊಂದು ವಸ್ತುವನ್ನು ತಯಾರಿಸುತ್ತವೆ ಎಂದು ಅಮೆರಿಕದ ಸಂಶೋಧಕರು 2000ನೆಯ ಇಸವಿಯಲ್ಲಿ ತೋರಿಸಿದರು. ಆ ವಸ್ತು ತಾನೊಂದೇ ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಬರ್ಬರಿನ್ ಜೊತೆಗಿದ್ದಾಗ ಮಾತ್ರ ಅದರ ಕೆಲಸ ಗೊತ್ತಾಗುತ್ತದೆ.

ಸಾರವನ್ನು ಭಾಗಗಳಾಗಿ ಒಡೆಯುತ್ತ, ಪ್ರತಿ ಭಾಗವನ್ನೂ ಪರೀಕ್ಷಿಸುತ್ತ, ಪರಿಣಾಮ ಇರುವ ಭಾಗವನ್ನಷ್ಟೇ ಮತ್ತೆ ಒಡೆಯುತ್ತ ಸಕ್ರಿಯ ವಸ್ತುವನ್ನು ತಲುಪುವ ಕ್ರಮಕ್ಕೆ ಈ ಬರ್ಬರಿನ್ ಪ್ರಸಂಗ ಒಂದು ಎಚ್ಚರಿಕೆ. ಹಾಗೆ ಒಡೆಯುವಾಗ ಪರಿಣಾಮ ಮಧ್ಯದಲ್ಲಿ ಮಾಯವಾದರೆ, ಸಕ್ರಿಯ ವಸ್ತು ಹಾಳಾಯಿತೆಂದು ಕೈಬಿಡುವ ಮೊದಲು ಬೇರ್ಪಡಿಸಿದ ಭಾಗಗಳನ್ನು ಮತ್ತೆ ಬೆರೆಸಿ ನೋಡಬೇಕು. ಟಿಎಲ್‌ಸಿ ಹಾಳೆಯ ಮೇಲೆಯೇ ಬ್ಯಾಕ್ಟೀರಿಯಾ ಇರುವ ಅಗಾರನ್ನು ತೆಳುವಾಗಿ ಹುಯ್ದು, ಯಾವ ಎತ್ತರದ ಕಲೆಯ ಸುತ್ತ ಬೆಳವಣಿಗೆ ನಿಂತಿದೆ ಎಂದು ನೋಡುವ ಬಯೋಆಟೋಗ್ರಫಿ ಇಲ್ಲಿ ಬಹಳ ಉಪಯುಕ್ತ, ಖರ್ಚೂ ಕಡಿಮೆ. ಬಣ್ಣದ ಪರೀಕ್ಷೆಗಳ ಕೋಷ್ಟಕಕ್ಕೆ ಕಳೆಯುವ ವಾರವನ್ನು ವಿದ್ಯಾರ್ಥಿಗಳು ಇದಕ್ಕೆ ಕೊಟ್ಟರೆ, ಯಾವ ವಸ್ತು ಯಾವ ಪರಿಣಾಮಕ್ಕೆ ಕಾರಣ ಎಂಬ ಕೊಂಡಿ ಮೊದಲ ಬಾರಿಗೆ ಕೈಗೆ ಸಿಗುತ್ತದೆ.

ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತು ನಮ್ಮ ಕೋಶಗಳನ್ನು ಉಳಿಸುತ್ತದೆಯೇ ಎಂಬ ಪ್ರಶ್ನೆ ಅನೇಕ ವರದಿಗಳಲ್ಲಿ ಬರುವುದೇ ಇಲ್ಲ. ಕಾರ್ವಕ್ರಾಲ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಪೊರೆಯನ್ನು ಸೋರುವಂತೆ ಮಾಡಿ. ಪೊರೆ ನಮ್ಮ ಕೋಶಗಳಿಗೂ ಇದೆ. ಕೆಂಪು ರಕ್ತಕಣಗಳು ಯಾವ ಪ್ರಮಾಣದಲ್ಲಿ ಒಡೆಯುತ್ತವೆ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳು ಯಾವ ಪ್ರಮಾಣದಲ್ಲಿ ಸಾಯುತ್ತವೆ ಎಂದು ಅಳೆದು, ಅದನ್ನು ಎಂಐಸಿಯೊಂದಿಗೆ ಹೋಲಿಸಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಅದು ಔಷಧವಲ್ಲ, ಫಿನಾಯಿಲ್‌ನ ಬಳಗ.

ಕೊನೆಗೆ ಒಂದು ಲೆಕ್ಕ. ಯಾವುದೋ ಎಲೆಯ ಸಾರದ ಎಂಐಸಿ ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅಷ್ಟು ರಕ್ತದಲ್ಲಿ ಆ ಪ್ರಮಾಣ ಮುಟ್ಟಬೇಕಾದರೆ 5 ಗ್ರಾಂ ಸಾರ ಕರಗಿರಬೇಕು. 100 ಗ್ರಾಂ ಒಣಪುಡಿಗೆ 10 ಗ್ರಾಂ ಸಾರ ಬರುತ್ತದೆಂದರೆ ಅದು 50 ಗ್ರಾಂ ಒಣ ಎಲೆ. ದೊಡ್ಡಪತ್ರೆಯಂಥ ರಸಭರಿತ ಎಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೆಂದು ಹಿಡಿದರೆ ಅರ್ಧ ಕಿಲೋ ಹಸಿ ಎಲೆ. ಅದೂ ತಿಂದದ್ದೆಲ್ಲ ಏಕಕಾಲಕ್ಕೆ ರಕ್ತ ಸೇರಿ, ರಕ್ತದಿಂದಾಚೆಗೆ ದೇಹದ ಉಳಿದ ನೀರಿಗೆ ಹರಡದೆ, ಯಕೃತ್ತು ಅದನ್ನು ಮುಟ್ಟದೆ ಬಿಟ್ಟರೆ ಮಾತ್ರ. ಯಕೃತ್ತು ಥೈಮಾಲ್‌ನಂಥ ಫೀನಾಲಿಕ್ ವಸ್ತುಗಳನ್ನು ಬಲುಬೇಗ ಸಲ್ಫೇಟ್ ಅಥವಾ ಗ್ಲುಕುರೊನೈಡ್ ಆಗಿ ಪರಿವರ್ತಿಸಿ ಮೂತ್ರಕ್ಕೆ ಸಾಗಿಸುತ್ತದೆ. ವೈದ್ಯರು ಬ್ಯಾಕ್ಟೀರಿಯಾ ಸೋಂಕಿಗೆ ಬರೆಯುವ ಆಂಟಿಬಯಾಟಿಕ್‌ಗಳಲ್ಲಿ ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳಿಂದ, ಶಿಲೀಂಧ್ರಗಳಿಂದ ಅಥವಾ ರಾಸಾಯನಿಕ ಸಂಶ್ಲೇಷಣೆಯಿಂದ ಬಂದವೇ ಆಗಿರುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಈ ಲೆಕ್ಕ ಅನ್ವಯಿಸದ ಜಾಗಗಳೂ ಇವೆ. ಬಾಯಿ, ಗಂಟಲು, ಚರ್ಮ, ಗಾಯದ ಮೇಲ್ಮೈ, ಆಹಾರದ ಡಬ್ಬಿಯ ಒಳಗೆ ವಸ್ತುವನ್ನು ರಕ್ತದ ಮೂಲಕ ಕಳಿಸಬೇಕಾಗಿಲ್ಲ. ಬೇಕಾದ ಪ್ರಮಾಣವನ್ನು ನೇರವಾಗಿ ಸುರಿಯಬಹುದು. ಬಾಯಿ ಮುಕ್ಕಳಿಸುವ ಕೆಲವು ದ್ರವಗಳ ಸೀಸೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಥೈಮಾಲ್ ಎಂದು ಬರೆದಿರುವುದು, ಅದನ್ನು ನುಂಗದೆ ಉಗುಳಬೇಕೆಂದು ಪಕ್ಕದಲ್ಲಿಯೇ ಸೂಚಿಸಿರುವುದು ಇದೇ ಕಾರಣಕ್ಕೆ.